ದೊಡ್ಡ ಸ್ವಾಮಿಯವರು: ಅಬೆ ದುಬುವಾ ಮತ್ತು ಮೈಸೂರು ಸೀಮೆಯ ಕ್ರೈಸ್ತ ಸಭೆಗಳ ಪುನರ್ನಿರ್ಮಾಣ

1. ಪ್ರಸ್ತಾವನೆ

ದಕ್ಷಿಣ ಭಾರತದ ಸಮಾಜವನ್ನು ಕುರಿತು ಪಾಶ್ಚಾತ್ಯರು ಬರೆದ ಗ್ರಂಥಗಳ ಚರ್ಚೆ ಬಂದಾಗಲೆಲ್ಲ ಅಬೆ ದುಬುವಾ ಅವರ ಹೆಸರು ತಪ್ಪದೆ ಪ್ರಸ್ತಾಪವಾಗುತ್ತದೆ. ಹಿಂದೂಗಳ ಆಚಾರ, ಸಂಪ್ರದಾಯ ಮತ್ತು ಸಂಸ್ಕಾರಗಳನ್ನು ಕುರಿತ ಅವರ ಗ್ರಂಥವು ವಸಾಹತುಶಾಹಿ ಆಡಳಿತಕ್ಕೆ ಕೈಪಿಡಿಯಂತೆ ಒದಗಿಬಂದದ್ದು ಈಗ ಸಾಕಷ್ಟು ಚರ್ಚಿತವಾಗಿರುವ ಸಂಗತಿ. ಆದರೆ ಈ ಗ್ರಂಥಕರ್ತರು ಎರಡು ದಶಕಗಳಿಗೂ ಮಿಕ್ಕಿ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಯಾವ ಕೆಲಸದಲ್ಲಿ ತೊಡಗಿದ್ದರು ಎಂಬ ಪ್ರಶ್ನೆಗೆ ನಮ್ಮ ಅಧ್ಯಯನಗಳಲ್ಲಿ ದೊರೆತ ಗಮನ ಅಲ್ಪವೆಂದೇ ಹೇಳಬೇಕು. ವೃತ್ತಿಯಿಂದ ಅವರು ಲೇಖಕರಲ್ಲ, ವಿದ್ವಾಂಸರೂ ಅಲ್ಲ. ಚದುರಿಹೋಗಿದ್ದ ಕ್ರೈಸ್ತ ಸಭೆಗಳನ್ನು ಮತ್ತೆ ಒಂದುಗೂಡಿಸಿ, ಅವುಗಳಿಗೆ ದೇವಾಲಯಗಳನ್ನು ಕಟ್ಟಿಸಿಕೊಟ್ಟ ಪಾದ್ರಿ. ಹಾಸನ, ಪಾಲಹಳ್ಳಿ ಮೊದಲಾದೆಡೆಯ ಕ್ರೈಸ್ತರು ಹತ್ತೊಂಬತ್ತನೆಯ ಶತಮಾನದ ಕೊನೆಯ ತನಕವೂ ಅವರನ್ನು ನೆನೆಯುತ್ತಿದ್ದುದು ದೊಡ್ಡ ಸ್ವಾಮಿಯವರು ಎಂಬ ಹೆಸರಿನಿಂದಲೇ.

ಗ್ರಂಥಕರ್ತ ದುಬುವಾ ಮತ್ತು ಸಭೆಗಳ ದೊಡ್ಡ ಸ್ವಾಮಿ ಎಂಬ ಈ ಎರಡು ರೂಪಗಳು ಒಂದನ್ನೊಂದು ಪೂರ್ಣವಾಗಿ ಒಪ್ಪುವುದಿಲ್ಲ. ಸಭೆಗಳನ್ನು ಕಟ್ಟಿದ ವ್ಯಕ್ತಿಯೇ ಕೊನೆಗೆ ಈ ನೆಲದಲ್ಲಿ ಕ್ರೈಸ್ತಧರ್ಮ ಬೆಳೆಯಲಾರದೆಂದು ಸಾರಿದರು. ಅವರಿಗೆ ಕೀರ್ತಿ ತಂದ ಗ್ರಂಥದ ಬಹುಭಾಗ ಅವರದಲ್ಲವೆಂದು ಇಪ್ಪತ್ತನೆಯ ಶತಮಾನದ ಸಂಶೋಧನೆ ತೋರಿಸಿತು. ಈ ಹಿನ್ನೆಲೆಯಲ್ಲಿ ಅವರ ಜೀವನವನ್ನು ಸಭೆಗಳ ಕಟ್ಟೋಣದ ಕಡೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

2. ಫ್ರಾನ್ಸಿನಿಂದ ಮೈಸೂರಿಗೆ

ಝಾನ್ ಆಂತ್ವಾನ್ ದುಬುವಾ ಅವರು 1766ರಲ್ಲಿ ದಕ್ಷಿಣ ಫ್ರಾನ್ಸಿನ ಸೇಂತ್ ರೆಮೆಜ್ ಎಂಬ ಹಳ್ಳಿಯಲ್ಲಿ ಜನಿಸಿದರು. ಅಬೆ ಎಂಬುದು ಅವರ ಹೆಸರಿನ ಭಾಗವಲ್ಲ. ಫ್ರೆಂಚ್ ಭಾಷೆಯಲ್ಲಿ ಪಾದ್ರಿಗಳಿಗೆ ಸಲ್ಲುವ ಗೌರವವಾಚಕ. ಅವರು ಗುರುದೀಕ್ಷೆ ಪಡೆದದ್ದೂ ಭಾರತದ ಕಡೆಗೆ ಹೊರಟದ್ದೂ 1792ರಲ್ಲಿ. ಅದು ಫ್ರೆಂಚ್ ಕ್ರಾಂತಿಯ ಕಾಲ. ಪಾದ್ರಿಗಳು ಪ್ರಭುತ್ವಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕೆಂಬ ಕಾನೂನು ಅಲ್ಲಿನ ಚರ್ಚನ್ನು ಇಬ್ಭಾಗಗೊಳಿಸಿತ್ತು. ತಾಯ್ನಾಡಿನಲ್ಲಿ ಚರ್ಚಿನ ವ್ಯವಸ್ಥೆ ಕುಸಿಯುತ್ತಿದ್ದ ಗಳಿಗೆಯಲ್ಲಿ ಹೊರಟ ಯುವಕನೊಬ್ಬ ಮುಂದೆ ಇನ್ನೊಂದು ನಾಡಿನಲ್ಲಿ ಕುಸಿದ ಸಭೆಗಳನ್ನು ಎತ್ತಿ ನಿಲ್ಲಿಸುವ ಕೆಲಸಕ್ಕೆ ನಿಯುಕ್ತನಾದದ್ದು ಗಮನಾರ್ಹ.

ಅವರು ಸೇರಿದ್ದ ಪ್ಯಾರಿಸ್ ವಿದೇಶಿ ಮಿಶನ್ ಸಂಸ್ಥೆಯು ಪುದುಚೇರಿಯನ್ನು ಕೇಂದ್ರವಾಗಿಸಿಕೊಂಡಿತ್ತು. ಪುದುಚೇರಿ 1793ರಲ್ಲಿ ಬ್ರಿಟಿಷರ ವಶವಾಯಿತು. ಹೀಗಾಗಿ ಈ ಫ್ರೆಂಚ್ ಪಾದ್ರಿ ತನ್ನ ದೇಶದ ಶತ್ರುಗಳ ಆಳ್ವಿಕೆಯಲ್ಲಿಯೇ ಕೆಲಸ ಮಾಡಬೇಕಾಯಿತು. ಮೊದಲ ವರ್ಷಗಳನ್ನು ಅವರು ತಮಿಳು ಪ್ರದೇಶದಲ್ಲಿ ಕಳೆದರು. ಅಲ್ಲಿಯೇ ಯುರೋಪಿಯನ್ನರ ಉಡುಗೆಯನ್ನು ತ್ಯಜಿಸಿ ನಿಲುವಂಗಿ, ರುಮಾಲುಗಳನ್ನು ಧರಿಸತೊಡಗಿದರು. ಊಟ, ವಸತಿ, ನಡವಳಿಕೆಗಳಲ್ಲಿಯೂ ಸ್ಥಳೀಯರನ್ನು ಅನುಸರಿಸಿದರು. ಈ ಪದ್ಧತಿ ಅವರು ಆರಂಭಿಸಿದ್ದಲ್ಲ. ಹದಿನೇಳನೆಯ ಶತಮಾನದ ಆದಿಯಲ್ಲಿ ಮದುರೆಯಲ್ಲಿ ರೊಬೆರ್ತೊ ದೆ ನೊಬಿಲಿ ತೊಡಗಿಸಿದ ಯೇಸುಸಭೆಯ ಮಾರ್ಗದ ಮುಂದುವರಿಕೆ ಅದು.

3. 1799ರ ಶ್ರೀರಂಗಪಟ್ಟಣ

ದುಬುವಾ ಅವರು ಬರುವುದಕ್ಕೆ ಒಂದೂವರೆ ಶತಮಾನ ಮೊದಲೇ ಮೈಸೂರು ಸೀಮೆಯಲ್ಲಿ ಕ್ರೈಸ್ತ ಸಭೆ ನೆಲೆಗೊಂಡಿತ್ತು. ಯೇಸುಸಭೆಯ ಇಟಾಲಿಯನ್ ಪಾದ್ರಿ ಲಿಯೊನಾರ್ದೊ ಚಿನ್ನಮಿ ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣದಲ್ಲಿ ಮಿಶನ್ ಸ್ಥಾಪಿಸಿದರು. ಕನ್ನಡವನ್ನು ಕಲಿತು ಅದರಲ್ಲಿ ಧರ್ಮಬೋಧೆಯ ಕೃತಿಗಳನ್ನೂ ರಚಿಸಿದರು. ಆದರೆ 1773ರಲ್ಲಿ ಪೋಪರು ಯೇಸುಸಭೆಯನ್ನೇ ವಿಸರ್ಜಿಸಿದಾಗ ಹೊಸ ಪಾದ್ರಿಗಳು ಬರುವುದು ನಿಂತಿತು. ಸಭೆಗಳು ಉಪದೇಶಿಗಳ ಮತ್ತು ಊರ ಹಿರಿಯರ ಆಧಾರದಲ್ಲಿ ಉಳಿದುಕೊಳ್ಳಬೇಕಾಯಿತು.

ಇದಾದ ಸ್ವಲ್ಪ ಕಾಲಕ್ಕೆ ಎರಡನೆಯ ಆಘಾತ ಒದಗಿತು. ಎರಡನೆಯ ಆಂಗ್ಲ-ಮೈಸೂರು ಯುದ್ಧದಲ್ಲಿ ಬ್ರಿಟಿಷರಿಗೆ ನೆರವಾದರೆಂಬ ಆರೋಪದ ಮೇಲೆ 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಸೆರೆಯಾದವರ ಸಂಖ್ಯೆಯ ವಿಷಯದಲ್ಲಿ ಒಮ್ಮತವಿಲ್ಲ. 30,000ದಿಂದ 60,000ದ ವರೆಗೆ ಬೇರೆ ಬೇರೆ ಅಂದಾಜುಗಳಿವೆ. ದುಬುವಾ ಅವರು ಈ ಪೈಕಿ ದೊಡ್ಡ ಸಂಖ್ಯೆಯನ್ನೇ ನೀಡಿದ್ದಾರೆ. ಸೆರೆಯಾದವರಲ್ಲಿ ಅನೇಕರು ದಾರಿಯಲ್ಲಿಯೂ ಸೆರೆಯಲ್ಲಿಯೂ ತೀರಿಕೊಂಡರು. ಉಳಿದವರಲ್ಲಿ ಬಹುಮಂದಿಯನ್ನು ಇಸ್ಲಾಮಿಗೆ ಬಲವಂತದಿಂದ ಮತಾಂತರಿಸಲಾಯಿತು. ಈ ಘಟನೆಯನ್ನು ರಾಜಕೀಯ ಶಿಕ್ಷೆಯೆಂದು ಓದಬೇಕೇ, ಮತೀಯ ದಮನವೆಂದು ಓದಬೇಕೇ ಎಂಬ ಚರ್ಚೆ ಇತಿಹಾಸಕಾರರಲ್ಲಿ ನಡೆದೇ ಇದೆ. ಸಭೆಗಳ ಮಟ್ಟಿಗೆ ಅದರ ಪರಿಣಾಮ ಮಾತ್ರ ಸ್ಪಷ್ಟ: ದೇವಾಲಯಗಳು ನೆಲಸಮವಾದವು, ಮನೆತನಗಳು ಒಡೆದವು, ಯಾರು ಯಾವ ಧರ್ಮದವರೆಂಬುದೇ ಅನಿಶ್ಚಿತವಾಯಿತು.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ ಮೇಲೆ ಸೆರೆಯಲ್ಲಿದ್ದವರು ಬಿಡುಗಡೆ ಹೊಂದಿದರು. ಕೆನರಾದವರು ಬಹುಪಾಲು ತಮ್ಮ ಊರುಗಳಿಗೆ ಮರಳಿದರು. ಮರಳಲಾರದವರೂ ಮೈಸೂರು ಸೀಮೆಯವರೂ ಇಲ್ಲಿಯೇ ಉಳಿದರು. ಇವರ ಸಭೆಯನ್ನು ಪುನಃ ಸಂಘಟಿಸಲು ದುಬುವಾ ಅವರಿಗೆ ಕರೆ ಬಂದಿತು. ಆಗ ಶ್ರೀರಂಗಪಟ್ಟಣದ ಸೇನಾಧಿಕಾರಿಯಾಗಿದ್ದ ಕರ್ನಲ್ ಆರ್ಥರ್ ವೆಲೆಸ್ಲಿಯ ಶಿಫಾರಸು ಇದಕ್ಕೆ ಕಾರಣವೆಂದು ಹೇಳಲಾಗುತ್ತದೆ.

ಮರಳಿ ಬಂದವರನ್ನು ಸ್ವೀಕರಿಸುವುದು ಸುಲಭವಾದ ಕೆಲಸವಾಗಿರಲಿಲ್ಲ. ಬಲವಂತದಿಂದ ಧರ್ಮ ಬಿಟ್ಟವನನ್ನು ಧರ್ಮತ್ಯಾಗಿಯೆಂದು ಪರಿಗಣಿಸಬೇಕೇ? ಸೆರೆಯಲ್ಲಿ ನಡೆದ ಮದುವೆಗಳು ಸಿಂಧುವೇ? ಖತ್ನಾ ಮಾಡಿಸಿಕೊಳ್ಳಬೇಕಾಗಿ ಬಂದವರಿಗೆ ಜಾತಿಯೊಳಗೆ ಮತ್ತೆ ಸ್ಥಾನ ಸಿಗುವುದೇ? ಇವು ಕೇವಲ ಚರ್ಚಿನ ನಿಯಮಗಳ ಪ್ರಶ್ನೆಗಳಲ್ಲ, ಮನುಷ್ಯರ ಬದುಕಿನ ಪ್ರಶ್ನೆಗಳಾಗಿದ್ದವು. ಮರಳಿದವರು ತಾವು ಮನಸ್ಸಿನಲ್ಲಿ ಹಳೆಯ ಶ್ರದ್ಧೆಯನ್ನೇ ಉಳಿಸಿಕೊಂಡಿದ್ದು, ಹೊರಗಿನ ಆಚರಣೆಗೆ ಮಾತ್ರ ತಲೆಬಾಗಿದ್ದಾಗಿ ತಿಳಿಸಿದರು. ದುಬುವಾ ಅವರು ಅವರನ್ನು ಸಭೆಗೆ ಮತ್ತೆ ಸೇರಿಸಿಕೊಂಡರು. ಹೀಗೆ ಸೇರಿದವರು ಸುಮಾರು 1,800 ಮಂದಿ ಎಂಬ ಲೆಕ್ಕ ಪ್ರಚಲಿತದಲ್ಲಿದೆ. ಆದರೆ ಅಷ್ಟು ಜನರಲ್ಲಿ ಒಬ್ಬರೂ ಶ್ರದ್ಧೆಗಾಗಿ ಪ್ರಾಣ ಕೊಡಲು ಮುಂದಾಗಲಿಲ್ಲವೆಂಬ ಸಂಗತಿ ಅವರ ಮನಸ್ಸಿನಲ್ಲಿ ಉಳಿದೇ ಇತ್ತು. ಎರಡು ದಶಕಗಳ ಅನಂತರ ಅದು ಅವರ ಬರವಣಿಗೆಯಲ್ಲಿ ಕಾಣಿಸಿಕೊಂಡಿತು.

4. ಸಭೆಗಳ ಕಟ್ಟೋಣ

ಶ್ರೀರಂಗಪಟ್ಟಣ ದ್ವೀಪದ ಪೂರ್ವಭಾಗದಲ್ಲಿರುವ ಗಂಜಾಮ್, ಟಿಪ್ಪು ಸುಲ್ತಾನನು ಶಿರಾದಿಂದ ಕುಟುಂಬಗಳನ್ನು ಕರೆತಂದು ನೆಲೆಗೊಳಿಸಿದ ಪೇಟೆ. ಇಲ್ಲಿ 1800ರಲ್ಲಿ ದುಬುವಾ ಅವರು ಕಟ್ಟಿಸಿದ ನಿಷ್ಕಳಂಕ ಮಾತೆಯ ದೇವಾಲಯವು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಯುದ್ಧ ಮುಗಿದ ಮರುವರ್ಷವೇ, ಪಾಳುಬಿದ್ದ ರಾಜಧಾನಿಯ ಪಕ್ಕದಲ್ಲಿ ಈ ಕಟ್ಟಡ ಎದ್ದಿತೆಂಬುದನ್ನು ನೆನೆಯಬೇಕು. ಹೆಸರು, ಮನೆ, ನಂಟು ಎಲ್ಲವನ್ನೂ ಕಳೆದುಕೊಂಡಿದ್ದ ಸಮುದಾಯಕ್ಕೆ ದೇವಾಲಯವು ಪೂಜೆಯ ಸ್ಥಳ ಮಾತ್ರವಾಗಿರಲಿಲ್ಲ. ಜ್ಞಾನಸ್ನಾನ, ಮದುವೆ, ಮರಣಗಳು ದಾಖಲಾಗುವ ಸ್ಥಳವೂ ಅದೇ; ತಾವು ಯಾರೆಂಬುದನ್ನು ಹೇಳಿಕೊಳ್ಳಲು ಅವರಿಗೆ ದೊರೆತ ಮೊದಲ ಆಧಾರವೂ ಅದೇ.

ಎರಡನೆಯ ಮಾದರಿ ಹಾಸನದ ಬಳಿಯ ಸಾತಳ್ಳಿಯಲ್ಲಿ ಕಾಣುತ್ತದೆ. ಇಲ್ಲಿ ದುಬುವಾ ಅವರು ಒಕ್ಕಲುತನವನ್ನು ಅವಲಂಬಿಸಿದ ವಸತಿಯೊಂದನ್ನು ನೆಲೆಗೊಳಿಸಿದರು. ದಿಕ್ಕಿಲ್ಲದೆ ಅಲೆಯುತ್ತಿದ್ದ ಕುಟುಂಬಗಳಿಗೆ ದೇವಾಲಯಕ್ಕಿಂತ ಮೊದಲು ಹೊಲ ಬೇಕು ಎಂಬ ತಿಳಿವಳಿಕೆ ಇದರ ಹಿಂದಿದೆ. ಸಾಗುವಳಿಯ ಭೂಮಿಯಿಲ್ಲದ ಸಭೆ ಮೊದಲ ಬರಗಾಲದಲ್ಲಿಯೇ ಚದುರಿಹೋಗುತ್ತದೆ. ಭೂಮಿಯಿದ್ದರೆ ಪಾದ್ರಿ ಬಾರದ ವರ್ಷಗಳಲ್ಲಿಯೂ ಅದು ನಿಲ್ಲುತ್ತದೆ. ಮುಂದೆ ಹಾಸನ ಪ್ರದೇಶವು ಫ್ರೆಂಚ್ ಮಿಶನರಿಗಳ ಒಂದು ಮುಖ್ಯ ನೆಲೆಯಾಗಿ ಬೆಳೆಯಿತು. 1860ರ ದಶಕದಲ್ಲಿ ಕಟ್ಟಲಾದ ಶೆಟ್ಟಿಹಳ್ಳಿಯ ದೇವಾಲಯವು ಇದೇ ಪರಂಪರೆಗೆ ಸೇರಿದ್ದು. ಹೇಮಾವತಿ ಜಲಾಶಯದ ನಿರ್ಮಾಣದಿಂದಾಗಿ ಅದರ ಸಭೆ ಬೇರೆಡೆಗೆ ಹೋಗಬೇಕಾಯಿತು; ಪಾಳುಗೋಡೆಗಳು ಮಾತ್ರ ಪ್ರತಿ ಮಳೆಗಾಲದಲ್ಲಿ ಹಿನ್ನೀರಿನಲ್ಲಿ ಮುಳುಗಿ ಏಳುತ್ತವೆ.

ಮೂರನೆಯದು ಬೆಂಗಳೂರು. ಇಂದಿನ ಶಿವಾಜಿನಗರದಲ್ಲಿ, ಸೆಂಜಿಯ ಕಡೆಯಿಂದ ವಲಸೆ ಬಂದ ತಮಿಳು ಕ್ರೈಸ್ತರು ಕಟ್ಟಿಕೊಂಡಿದ್ದ ಹುಲ್ಲುಮಾಡಿನ ಸಣ್ಣ ಪ್ರಾರ್ಥನಾಲಯವಿತ್ತು. ಅದು ಕಾಣಿಕೈ ಮಾತೆಯ ಗುಡಿ ಎಂದು ಹೆಸರಾಗಿತ್ತು. 1803ರಲ್ಲಿ ದುಬುವಾ ಅವರು ಅದನ್ನು ವಿಸ್ತರಿಸಿ ಬಲಿಪೂಜೆ ಕ್ರಮವಾಗಿ ನಡೆಯುವಂತೆ ಮಾಡಿದರು. 1811ರಲ್ಲಿ ಗುರುಗಳ ನಿವಾಸವನ್ನು ಕಟ್ಟಿಸಿದರು. ಈ ದಿನಾಂಕಗಳು ಆಕಸ್ಮಿಕವಲ್ಲ. ಜ್ವರದ ಹಾವಳಿಯಿಂದ ಶ್ರೀರಂಗಪಟ್ಟಣವು ದಂಡಿಗೆ ಯೋಗ್ಯವಲ್ಲವೆಂದು ತೀರ್ಮಾನಿಸಿದ ಬ್ರಿಟಿಷರು 1809ರಲ್ಲಿ ಸೈನ್ಯವನ್ನು ಬೆಂಗಳೂರಿಗೆ ಸ್ಥಳಾಂತರಿಸಿದರು. ಸಿಪಾಯಿಗಳು, ಅವರ ಕುಟುಂಬಗಳು, ಅಡುಗೆಯವರು, ಕುದುರೆಲಾಯದವರು, ವ್ಯಾಪಾರಿಗಳು ದಂಡಿನ ಹಿಂದೆಯೇ ಬಂದರು. ಸಭೆಯ ಕೇಂದ್ರವೂ ಕಾವೇರಿಯ ದಂಡೆಯಿಂದ ದಂಡುಪ್ರದೇಶಕ್ಕೆ ಸರಿಯತೊಡಗಿತು.

ದುಬುವಾ ಅವರ ಅನಂತರ ಪುದುಚೇರಿಯಿಂದ ಬಂದ ಭಾರತೀಯ ಗುರು ಆಂದ್ರೆಯಾಸ್ ಇಲ್ಲಿ ಶಿಲುಬೆಯಾಕಾರದ ದೇವಾಲಯವನ್ನು ಕಟ್ಟಿಸಿದರು. 1832ರ ಗಲಭೆಯ ಸಂದರ್ಭದಲ್ಲಿ ಅದರ ರಕ್ಷಣೆಗೆ ಸೈನ್ಯವನ್ನು ನಿಯೋಜಿಸಬೇಕಾಯಿತು. ಇಂದು ಕಾಣುವ ಗಾಥಿಕ್ ಶೈಲಿಯ ಕಟ್ಟಡವನ್ನು ಫಾದರ್ ಕ್ಲೈನರ್ ಅವರು 1875ರಲ್ಲಿ ಆರಂಭಿಸಿ 1882ರಲ್ಲಿ ಪೂರ್ಣಗೊಳಿಸಿದರು. 1970ರ ದಶಕದಲ್ಲಿ ಅದಕ್ಕೆ ಬಸಿಲಿಕಾ ಪದವಿ ದೊರೆಯಿತು. ಹುಲ್ಲುಮಾಡಿನಿಂದ ಎತ್ತರದ ಗೋಪುರದವರೆಗಿನ ಈ ಬೆಳವಣಿಗೆಯಲ್ಲಿ ದುಬುವಾ ಅವರ ಪಾಲು ಕಟ್ಟಡವಾಗಿ ಉಳಿದಿಲ್ಲ. ಅಲ್ಲೊಂದು ಇಲ್ಲೊಂದು ಪ್ರಾರ್ಥನೆಯಾಗಿದ್ದುದನ್ನು ಅವರು ನಿಯತವಾದ ಸಭೆಯಾಗಿ ಮಾರ್ಪಡಿಸಿದರು. ಅನಂತರದ ಕಟ್ಟಡಗಳೆಲ್ಲ ಆ ಸಭೆಯ ಅಗತ್ಯದಿಂದ ಎದ್ದವು.

ಭಾಷೆಯ ದೃಷ್ಟಿಯಿಂದಲೂ ಈ ಸಭೆಗಳು ಒಂದೇ ಬಗೆಯವಲ್ಲ. ಪಾಲಹಳ್ಳಿ, ಸಾತಳ್ಳಿಗಳಂತಹ ಹಳ್ಳಿಗಳ ಸಭೆಗಳು ಕನ್ನಡ ಪರಿಸರದಲ್ಲಿ ಬೇರುಬಿಟ್ಟರೆ, ಬೆಂಗಳೂರು ದಂಡಿನ ಸಭೆ ಮುಖ್ಯವಾಗಿ ತಮಿಳಿನದಾಗಿತ್ತು. ಎರಡನೆಯ ವ್ಯಾಟಿಕನ್ ಸಮ್ಮೇಳನದ (1962-65) ಬಳಿಕ ಪೂಜೆಯು ಲ್ಯಾಟಿನ್ ಬಿಟ್ಟು ದೇಶಭಾಷೆಗೆ ಬಂದಾಗ ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡದ ಸ್ಥಾನವನ್ನು ಕುರಿತು ಎದ್ದ ವಿವಾದಗಳ ಹಿಂದೆ ಈ ಎರಡು ಬಗೆಯ ವಸತಿಗಳ ಚರಿತ್ರೆಯಿದೆ.

5. ದೇವಿ ಹಾಕುವ ಕೆಲಸ

ಸಭೆಗಳ ಕಟ್ಟೋಣದ ಜೊತೆಗೇ ಬರುವ ಇನ್ನೊಂದು ಸಂಗತಿ ಸಿಡುಬಿನ ವಿರುದ್ಧದ ಹೋರಾಟ. ಜೆನ್ನರ್ ಕಂಡುಹಿಡಿದ ಲಸಿಕೆ 1802ರಲ್ಲಿ ಭಾರತವನ್ನು ತಲುಪಿತು. ಮರುವರ್ಷವೇ ಮೈಸೂರು ಸೀಮೆಯಲ್ಲಿ ದುಬುವಾ ಅವರು ಈ ಕೆಲಸವನ್ನು ಕೈಗೆತ್ತಿಕೊಂಡರು. 1803-04ರ ಅವಧಿಯಲ್ಲಿ ಅವರ ಮೇಲ್ವಿಚಾರಣೆಯಲ್ಲಿ ಲಸಿಕೆ ಪಡೆದವರು 25,432 ಮಂದಿಯೆಂದು ದಾಖಲಾಗಿದೆ. ಅವರ ಸಭೆಗಳ ಒಟ್ಟು ಜನಸಂಖ್ಯೆಯ ಮಿತಿಯನ್ನು ಗಮನಿಸಿದರೆ ಇವರೆಲ್ಲ ಕ್ರೈಸ್ತರಾಗಿರಲು ಸಾಧ್ಯವಿಲ್ಲ. ಸಿಡುಬನ್ನು ದೇವಿಯ ಮುನಿಸೆಂದು ನಂಬಿದ್ದ ಸಮಾಜದಲ್ಲಿ, ಪಶುವಿನಿಂದ ಬಂದ ವಸ್ತುವನ್ನು ಚರ್ಮದೊಳಗೆ ಸೇರಿಸಲು ಜನರನ್ನು ಒಪ್ಪಿಸಬೇಕಿತ್ತು. ಸ್ಥಳೀಯ ಉಡುಗೆಯಲ್ಲಿದ್ದು ಸ್ಥಳೀಯ ಭಾಷೆ ಆಡುತ್ತಿದ್ದ ಪಾದ್ರಿಗೆ ಅದು ಸಾಧ್ಯವಾಯಿತು. ಅದೇ ಕಾಲದಲ್ಲಿ ಮೈಸೂರು ಅರಮನೆಯೂ ಲಸಿಕೆಗೆ ಬೆಂಬಲ ನೀಡಿತ್ತು. ಥಾಮಸ್ ಹಿಕಿ 1805ರ ಸುಮಾರಿಗೆ ರಚಿಸಿದ ಮೂವರು ರಾಜಸ್ತ್ರೀಯರ ವರ್ಣಚಿತ್ರವನ್ನು ಲಸಿಕೆಯ ಪ್ರಚಾರಕ್ಕಾಗಿ ಬರೆದದ್ದೆಂದು ಕೆಲವು ವಿದ್ವಾಂಸರು ಅರ್ಥೈಸಿದ್ದಾರೆ. ಅರಮನೆಯ ಸಮ್ಮತಿ ಮತ್ತು ಹಳ್ಳಿಯ ಪಾದ್ರಿಯ ತಿರುಗಾಟ ಎರಡೂ ಒಂದೇ ಪ್ರಯತ್ನದ ಎರಡು ತುದಿಗಳೆಂದು ಕಾಣಬಹುದು.

6. ಗ್ರಂಥ ಮತ್ತು ಅದರ ಕರ್ತೃತ್ವ

ಮೈಸೂರಿನ ಹಂಗಾಮಿ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ 1806ರಲ್ಲಿ ದುಬುವಾ ಅವರ ಫ್ರೆಂಚ್ ಹಸ್ತಪ್ರತಿಯನ್ನು ಮದರಾಸು ಸರಕಾರಕ್ಕೆ ಕಳುಹಿಸಿದನು. ಗವರ್ನರ್ ವಿಲಿಯಂ ಬೆಂಟಿಂಕ್ 1807ರಲ್ಲಿ ಅದನ್ನು 2,000 ಪಗೋಡಗಳಿಗೆ ಕೊಂಡುಕೊಂಡನು. ಆಳಲ್ಪಡುವ ಜನರ ಆಚಾರಗಳನ್ನು ಅರಿಯುವುದು ಆಳುವವರಿಗೆ ಅಗತ್ಯವೆಂಬುದೇ ಈ ಖರೀದಿಯ ಕಾರಣ. ಇಂಗ್ಲಿಷ್ ಅನುವಾದ ಲಂಡನ್ನಿನಲ್ಲಿ 1816ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ದುಬುವಾ ಅವರು ಮದರಾಸಿನಲ್ಲಿದ್ದ ಪ್ರತಿಯನ್ನು ತರಿಸಿಕೊಂಡು ಬಹಳವಾಗಿ ತಿದ್ದಿ ಬೆಳೆಸಿದ್ದರು. ಫ್ರೆಂಚ್ ಆವೃತ್ತಿ 1825ರಲ್ಲಿ ಪ್ಯಾರಿಸ್ಸಿನಲ್ಲಿ ಬಂದಿತು; ತಿದ್ದಿದ ಪಾಠವನ್ನಾಧರಿಸಿದ ಬೋಶಾಂಪ್ ಅವರ ಇಂಗ್ಲಿಷ್ ಅನುವಾದ 1897ರಲ್ಲಿ ಹೊರಬಂದು ಹೆಚ್ಚು ಪ್ರಚಾರ ಪಡೆಯಿತು. ನಿಕೋಲಸ್ ಡರ್ಕ್ಸ್ ಅವರು ಜಾತಿಯನ್ನು ಕುರಿತ ತಮ್ಮ 2001ರ ಗ್ರಂಥದಲ್ಲಿ, ಬ್ರಿಟಿಷ್ ಆಡಳಿತದ ಜಾತಿಗ್ರಹಿಕೆಯನ್ನು ರೂಪಿಸಿದ ಪಠ್ಯಗಳಲ್ಲಿ ಇದನ್ನೂ ಚರ್ಚಿಸಿದ್ದಾರೆ.

ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ ಅವರ ಸಂಶೋಧನೆ ಈ ಗ್ರಂಥದ ಚರಿತ್ರೆಯನ್ನೇ ಬದಲಿಸಿತು. ಲಂಡನ್ನಿನ ಇಂಡಿಯಾ ಆಫೀಸ್ ಗ್ರಂಥಾಲಯದಲ್ಲಿ ದೊರೆತ, 1770ರ ದಶಕದಲ್ಲಿ ಫ್ರೆಂಚ್ ಸೇನಾಧಿಕಾರಿ ದೆವೋ ಸಿದ್ಧಪಡಿಸಿದ ಹಸ್ತಪ್ರತಿಯನ್ನು ದುಬುವಾ ಅವರ ಪಠ್ಯದೊಂದಿಗೆ ಹೋಲಿಸಿದಾಗ ಎರಡೂ ಒಂದೇ ಮೂಲದಿಂದ ಬಂದವೆಂಬುದು ಸ್ಪಷ್ಟವಾಯಿತು. ಆ ಮೂಲ ಯೇಸುಸಭೆಯ ಪಾದ್ರಿ ಗಾಸ್ತೋ ಲೊರಾಂ ಕೂರ್ದೂ ಅವರ ಕಳೆದುಹೋದ ಕೃತಿ. ಸಂಸ್ಕೃತಕ್ಕೂ ಗ್ರೀಕ್, ಲ್ಯಾಟಿನ್ ಭಾಷೆಗಳಿಗೂ ಇರುವ ಸಂಬಂಧವನ್ನು ವಿಲಿಯಂ ಜೋನ್ಸ್‌ಗಿಂತ ಮೊದಲೇ ಗುರುತಿಸಿದ ವಿದ್ವಾಂಸರು ಇವರೇ. ಮ್ಯೂರ್ ಅವರ ಎರಡು ಸಂಪುಟಗಳ ಅಧ್ಯಯನ 1987ರಲ್ಲಿ ಪ್ರಕಟವಾಯಿತು. ಹೀಗಾಗಿ, ದುಬುವಾ ಅವರ ಗ್ರಂಥವನ್ನು ಹತ್ತೊಂಬತ್ತನೆಯ ಶತಮಾನದ ಆದಿಭಾಗದ ಮೈಸೂರಿನ ಪ್ರತ್ಯಕ್ಷ ದಾಖಲೆಯೆಂದು ನೇರವಾಗಿ ಬಳಸುವುದು ಸಾಧ್ಯವಿಲ್ಲ. ಅದರಲ್ಲಿ ಅರ್ಧ ಶತಮಾನ ಹಿಂದಿನ ಪುದುಚೇರಿ, ಆಂಧ್ರ ಪ್ರದೇಶಗಳ ಮಿಶನರಿ ಜ್ಞಾನ ಸೇರಿಕೊಂಡಿದೆ. ಮೂಲದ ಋಣವನ್ನು ದುಬುವಾ ಅವರು ಹೇಳದೆ ಉಳಿಸಿದ್ದು ಅವರ ವ್ಯಕ್ತಿತ್ವದ ಮೌಲ್ಯಮಾಪನದಲ್ಲಿ ಕಡೆಗಣಿಸುವಂಥದ್ದಲ್ಲ.

ಕನ್ನಡ ಅಧ್ಯಯನಕ್ಕೆ ಹೆಚ್ಚು ಹತ್ತಿರವಾದ ಕೃತಿ 1826ರಲ್ಲಿ ಪ್ರಕಟವಾದ ಅವರ ಫ್ರೆಂಚ್ ಪಂಚತಂತ್ರ. ತಮಿಳು, ತೆಲುಗು, ಕನ್ನಡ ಭಾಷೆಗಳ ಮೂರು ಪ್ರತಿಗಳನ್ನು ಇಟ್ಟುಕೊಂಡು ಅವರು ಈ ಅನುವಾದವನ್ನು ಸಿದ್ಧಪಡಿಸಿದರು. ದುರ್ಗಸಿಂಹನ ಪಂಚತಂತ್ರವು ವಸುಭಾಗ ಭಟ್ಟನ ಪರಂಪರೆಗೆ ಸೇರಿದ್ದೆಂಬ ಹಿನ್ನೆಲೆಯಲ್ಲಿ, ಮೈಸೂರು ಸೀಮೆಯಲ್ಲಿ ಪ್ರಚಲಿತವಿದ್ದ ಕಥಾಪಾಠವನ್ನು ಪರೋಕ್ಷವಾಗಿ ಉಳಿಸಿಕೊಟ್ಟ ಕೃತಿಯೆಂದು ಇದನ್ನು ಪರಿಶೀಲಿಸುವುದು ಉಪಯುಕ್ತ.

7. ನಿರಾಶೆಯ ಪತ್ರಗಳು

ದುಬುವಾ ಅವರು 1823ರ ಜನವರಿಯಲ್ಲಿ ಭಾರತವನ್ನು ಬಿಟ್ಟರು. ಕಂಪನಿ ಸರಕಾರ ಅವರಿಗೆ ನಿವೃತ್ತಿವೇತನ ನೀಡಿತು. ಅದೇ ವರ್ಷ ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ಲಂಡನ್ನಿನಲ್ಲಿ ಅಚ್ಚಾದವು. ಹಿಂದೂಗಳನ್ನು ಕ್ರೈಸ್ತಧರ್ಮಕ್ಕೆ ನಿಜವಾಗಿ ತರುವುದು ಸಾಧ್ಯವಿಲ್ಲವೆಂಬುದು ಈ ಪತ್ರಗಳ ತಿರುಳು. ಸ್ಥಳೀಯ ಸಹಾಯಕ ಗುರುವಿನೊಂದಿಗೆ ತಾವು ಹೊಸದಾಗಿ ಧರ್ಮಕ್ಕೆ ತಂದವರು ಇನ್ನೂರು-ಮುನ್ನೂರಕ್ಕೆ ಮೀರಲಿಲ್ಲವೆಂದೂ, ಅವರಲ್ಲಿ ಹೆಚ್ಚಿನವರು ಜಾತಿಯಿಂದ ಹೊರಗಾದವರು ಅಥವಾ ಬಡತನದಿಂದ ಬಂದವರೆಂದೂ ಒಪ್ಪಿಕೊಂಡರು. ಭಾರತೀಯ ಭಾಷೆಗಳಲ್ಲಿ ಆಗ ಬಂದಿದ್ದ ಬೈಬಲ್ ಅನುವಾದಗಳ ಶೈಲಿ ಓದುಗರಲ್ಲಿ ಗೌರವ ಹುಟ್ಟಿಸದೆಂದು ಟೀಕಿಸಿದರು. ಪ್ರಾಟೆಸ್ಟೆಂಟ್ ಮಿಶನರಿಗಳಿಂದ ತೀವ್ರ ಪ್ರತಿಕ್ರಿಯೆ ಬಂದಿತು. ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್ಲಿ 1824ರಲ್ಲಿಯೇ ಉತ್ತರಗ್ರಂಥಗಳನ್ನು ಬರೆದರು.

ಈ ನಿರಾಶೆಯನ್ನು ಕೇವಲ ಸೋತವನ ಮಾತೆಂದು ತಳ್ಳಿಹಾಕಲಾಗದು; ಅವರು ಹೇಳಿದ್ದೆಲ್ಲವನ್ನೂ ಸತ್ಯವೆಂದು ಒಪ್ಪಲೂ ಆಗದು. ಜಾತಿಯ ಕಟ್ಟು ಸಭೆಯೊಳಗೂ ಹಾಗೆಯೇ ಉಳಿದದ್ದನ್ನು ಅವರು ಕಣ್ಣಾರೆ ಕಂಡವರು. ಕೆಳಜಾತಿಯವರು ಬಂದುದನ್ನು ಅವರು ಯಶಸ್ಸೆಂದು ಎಣಿಸಲಿಲ್ಲ. ಮೇಲುಜಾತಿಯ ಒಪ್ಪಿಗೆಯನ್ನೇ ಧರ್ಮಪ್ರಸಾರದ ಅಳತೆಗೋಲಾಗಿ ಹಿಡಿದ ದೃಷ್ಟಿ ಇಲ್ಲಿದೆ. ಯಾರನ್ನು ಅವರು ಲೆಕ್ಕದಲ್ಲಿ ಕೀಳಾಗಿ ಕಂಡರೋ ಅಂಥವರ ಮಕ್ಕಳು, ಮೊಮ್ಮಕ್ಕಳಿಂದಲೇ ಮುಂದೆ ಹಳ್ಳಿಗಳ ಸಭೆಗಳು ನಿಂತವು ಎಂಬುದನ್ನು ನೋಡಲು ಅವರು ಇಲ್ಲಿರಲಿಲ್ಲ.

ಪ್ಯಾರಿಸ್ಸಿಗೆ ಮರಳಿದ ಅವರು ತಮ್ಮ ಸಂಸ್ಥೆಯ ಗುರುಮಠದಲ್ಲಿ ನಿರ್ದೇಶಕರಲ್ಲೊಬ್ಬರಾದರು. 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾಗಿದ್ದರು. ಮತಾಂತರ ಅಸಾಧ್ಯವೆಂದು ಬರೆದವರೇ ಮಿಶನರಿಗಳನ್ನು ಸಿದ್ಧಗೊಳಿಸುವ ಮಠದ ಹೊಣೆ ಹೊತ್ತದ್ದು ವಿರೋಧಾಭಾಸದಂತೆ ತೋರಬಹುದು. ಆದರೆ ಮೈಸೂರಿನಲ್ಲಿ ಅವರು ಮಾಡಿದ ಕೆಲಸವೂ ಹೆಚ್ಚಾಗಿ ಮತಾಂತರದ್ದಾಗಿರಲಿಲ್ಲ, ಇದ್ದವರನ್ನು ಉಳಿಸಿಕೊಳ್ಳುವುದಾಗಿತ್ತು. ಅವರು 1848ರಲ್ಲಿ ನಿಧನರಾದರು. ಅಷ್ಟರಲ್ಲಿ ಮೈಸೂರು ಮಿಶನ್ ಪುದುಚೇರಿಯಿಂದ ಬೇರೆಯಾಗಿ ಬಿಷಪ್ ಶಾರ್ಬೊನೊ ಅವರ ಆಡಳಿತಕ್ಕೆ ಬಂದಿತ್ತು. ಅದೇ ಮಿಶನ್ನಿನ ಫಾದರ್ ಬೂತಲೂ ಅವರ ಕನ್ನಡ-ಲ್ಯಾಟಿನ್ ನಿಘಂಟು 1855ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು.

8. ಉಪಸಂಹಾರ

ದುಬುವಾ ಅವರ ಜೀವನದಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಮೊದಲನೆಯದಾಗಿ, ಅವರ ಪ್ರಸಿದ್ಧ ಗ್ರಂಥವನ್ನು ಕನ್ನಡ ನಾಡಿನ ಸಮಾಜ ಚರಿತ್ರೆಗೆ ಆಕರವಾಗಿ ಬಳಸುವಾಗ ಕೂರ್ದೂ ಮತ್ತು ದೆವೋ ಅವರ ಪಠ್ಯಗಳೊಡನೆ ಹೋಲಿಸಿ ನೋಡುವುದು ಅನಿವಾರ್ಯ. ಎರಡನೆಯದಾಗಿ, ಪತ್ರಗಳಲ್ಲಿ ಕಾಣುವ ಸೋಲಿನ ಚಿತ್ರವನ್ನು ಗಂಜಾಮ್, ಸಾತಳ್ಳಿ, ಬೆಂಗಳೂರುಗಳ ಸಭೆಗಳ ಮುಂದಿನ ಬೆಳವಣಿಗೆಯ ಬೆಳಕಿನಲ್ಲಿ ಓದಬೇಕು. ಮೂರನೆಯದಾಗಿ, ಸಭೆಗಳ ಚರಿತ್ರೆಯೆಂದರೆ ಕಟ್ಟಡಗಳ ಚರಿತ್ರೆ ಮಾತ್ರವಲ್ಲ. ಸೆರೆ, ವಲಸೆ, ದಂಡಿನ ಚಲನೆ, ಒಕ್ಕಲುತನ, ರೋಗ, ಭಾಷೆ ಇವೆಲ್ಲ ಕೂಡಿದ ಚರಿತ್ರೆ. ಮೈಸೂರು ಸೀಮೆಯ ಹಳ್ಳಿಗಳ ಕ್ರೈಸ್ತರು ಕನ್ನಡದ ಗ್ರಾಮಜೀವನದ ಭಾಗವಾಗಿಯೇ ಬಾಳಿದ್ದಾರೆ. ಅವರಲ್ಲಿ ಉಳಿದಿರುವ ಮೌಖಿಕ ಪರಂಪರೆ, ಹಾಡು, ಹಬ್ಬ, ಜ್ಞಾನಸ್ನಾನದ ದಫ್ತರಗಳು ಕನ್ನಡ ಸಂಶೋಧಕರಿಗಾಗಿ ಕಾದಿವೆ. ದೊಡ್ಡ ಸ್ವಾಮಿಯವರೆಂಬ ಕನ್ನಡದ ಹೆಸರು ಹುಟ್ಟಿದ್ದು ಆ ಜನರ ನಡುವೆ. ಆ ಹೆಸರಿನ ಅರ್ಥವನ್ನು ಹುಡುಕಬೇಕಾದದ್ದೂ ಅಲ್ಲಿಯೇ.